ರೇಡಿಯೋ ಮಾವ ಕಟ್ಟಿದ ಗಂಟುಗಳು

“ಅಮ್ಮಾ, ಗಂಟು ಕಟ್ಟಿದ್ದು ತಾತಾನೇ ಅಲ್ವಾ? ಮತ್ತೆ ಅವರಿಗೇ ಯಾಕೆ ಗೊತ್ತಾಗ್ತಿಲ್ಲ?”

ಶನಿವಾರ ವಿಮಾನದ ಶೆಡ್ಡಿನಿಂದ ಮನೆಗೆ ಬರುವಾಗ ಸ್ಕೂಟರಿನ ಮುಂದೆ ನಿಂತಿದ್ದ ಮಗಳು ಹೀಗೆ ಕೇಳಿದಳು. ಆರು ವರ್ಷದವಳು; ಈಗಷ್ಟೇ ಶೂ ಲೇಸು ಕಟ್ಟಲು ಕಲಿತಿರುವುದರಿಂದ ಗಂಟುಗಳ ವಿಷಯದಲ್ಲಿ ತನ್ನನ್ನು ದೊಡ್ಡ ಪಂಡಿತೆ ಎಂದುಕೊಂಡಿದ್ದಾಳೆ. “ಮರೆತುಹೋಗಿದೆ ಪುಟ್ಟಿ” ಎಂದೆ. “ನಾನು ಮರೆತ್ರೆ ಬೈತೀಯ” ಎಂದಳು. ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಹೊಡೆದೆ.

ಅವಳ ತಾತ ಎಂದರೆ ನನ್ನ ಸೋದರಮಾವ. ಊರಂಚಿನ ಪುಟ್ಟ ವಿಮಾನಗಳ ಮೈದಾನದಲ್ಲಿ ಅವನನ್ನು ಎಲ್ಲರೂ ಕರೆಯುವುದು ರೇಡಿಯೋ ಮಾವ ಎಂದು. ಮೊದಲು ಓಣಿಯೊಂದರಲ್ಲಿ ಹಳೆ ರೇಡಿಯೋ ರಿಪೇರಿ ಮಾಡುತ್ತಿದ್ದನಂತೆ. ಒಂದು ದಿನ ಮೈದಾನದ ಧ್ವನಿವರ್ಧಕ ಕೆಟ್ಟಿತೆಂದು ಕರೆದರು. ಹೋದವನು ಮೂವತ್ತೈದು ವರ್ಷವಾದರೂ ವಾಪಸು ಬಂದಿಲ್ಲ ಎನ್ನುವುದು ಅತ್ತೆಯ ಮಾತು. ವಿಮಾನ ಹಾರಿಸುವವರ ಮುಂದಿನ ಫಲಕದಲ್ಲಿರುವ ರೇಡಿಯೋ, ಎತ್ತರ ತೋರಿಸುವ ಮುಳ್ಳು, ದಿಕ್ಕು ತೋರಿಸುವ ಮುಳ್ಳು, ಇವುಗಳ ಹಿಂದಿನ ತಂತಿಗಳೆಲ್ಲ ಅವನ ಪಾಲಿನವು. ತಾನು ಮಾತ್ರ ಒಮ್ಮೆಯೂ ಹಾರಿದವನಲ್ಲ. ಕೇಳಿದರೆ, “ಒಳಗೇನಿದೆ ಅಂತ ನಂಗೊತ್ತಲ್ಲ, ಅದಕ್ಕೇ” ಎಂದು ನಗುತ್ತಾನೆ.

ಶೆಡ್ಡಿನ ಗೋಡೆಗೆ ಒಂದು ಹಲಗೆ ಇದೆ. ಅದರ ಮೇಲೆ ಪ್ರತಿ ಉಪಕರಣದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದಾನೆ. ಇಕ್ಕಳ ತೆಗೆದರೆ ಇಕ್ಕಳದ ನೆರಳು ಉಳಿಯುತ್ತದೆ. ಎಲ್ಲ ನೆರಳುಗಳೂ ತುಂಬುವವರೆಗೆ ಯಾವ ಫಲಕವನ್ನೂ ಮುಚ್ಚುವುದಿಲ್ಲ. ಒಳಗೆ ಉಳಿದ ಒಂದು ಸ್ಕ್ರೂಡ್ರೈವರ್ ಸಾಕು ಒಂದು ಜೀವ ಹೋಗಲು ಎನ್ನುತ್ತಾನೆ. ಬಿಚ್ಚಿದ ಸ್ಕ್ರೂಗಳನ್ನು ಇಡುವುದು ಅತ್ತೆಯ ಫ್ರಿಜ್ಜಿನಿಂದ ಹಾರಿಸಿಕೊಂಡು ಬಂದ ಐಸ್ ಟ್ರೇಗಳಲ್ಲಿ. ಇಷ್ಟು ಅಚ್ಚುಕಟ್ಟಾದ ಮನುಷ್ಯನಿಗೆ ಒಂದೇ ಒಂದು ದೌರ್ಬಲ್ಯ. ಬರೆಯುವುದೆಂದರೆ ಆಗದು. ಅಂಗಡಿಗೆ ಚೀಟಿ ಒಯ್ಯುವುದಿಲ್ಲ. ಸೋಪು ತರಲು ಹೋಗಿ ಬಲ್ಬು ತರುತ್ತಾನೆ. “ತಲೇಲಿದೆ ಬಿಡೆ” ಎಂಬ ಅವನ ಮಾತನ್ನು ಅತ್ತೆ ಅಣಕಿಸಿ ತೋರಿಸುವಾಗ ನನ್ನ ಮಗಳು ಬಿದ್ದು ಬಿದ್ದು ನಗುತ್ತಾಳೆ.

ಈಗ ಆ ತಲೆಯೇ ಕೈಕೊಟ್ಟಿದೆ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹೊಸ ನಿಯಮ. ನಮ್ಮ ಮೇಲಿನ ಆಕಾಶದಲ್ಲಿ ಹಾರುವ ಪ್ರತಿಯೊಂದು ವಿಮಾನವೂ, ಅದು ಎಷ್ಟೇ ಚಿಕ್ಕದಿರಲಿ, ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಕ್ಷಣಕ್ಷಣವೂ ತಾನೇ ಸಾರುತ್ತಿರಬೇಕು. ಅದಕ್ಕೊಂದು ಪೆಟ್ಟಿಗೆ. ಎರಡು ನೋಟ್‌ಬುಕ್ಕುಗಳನ್ನು ಒಂದರ ಮೇಲೊಂದು ಇಟ್ಟಷ್ಟು ದಪ್ಪ, ಅಷ್ಟೆ. ಅದರ ಬೆಲೆ ಮಾತ್ರ, ಮಾವ ಈಗ ಅದನ್ನು ಕೂರಿಸಬೇಕಿರುವ ನಮ್ಮ ಟೀಚರಮ್ಮನ ವಿಮಾನದ ಬೆಲೆಯ ಮೂರನೇ ಒಂದು ಪಾಲು. ಮನೆಯ ಬೆಲೆಯ ಮೂರನೇ ಒಂದು ಪಾಲು ಕೊಟ್ಟು ಬೀಗ ತಂದಂತೆ ಎಂದು ನಾನು ಬೇಜಾರು ಮಾಡಿಕೊಂಡರೆ ಮಾವ ಒಪ್ಪಲಿಲ್ಲ. “ನಿಯಮ ಸರಿಯಾಗೇ ಇದೆ ಕಣೆ. ಮೋಡದೊಳಗೆ ಎದುರಿಗೆ ಬರ್ತಿರೋನು ಕಾಣಲ್ಲ. ಆಕಾಶ ದೊಡ್ಡದು, ಯಾರೂ ಡಿಕ್ಕಿ ಹೊಡೆಯಲ್ಲ ಅನ್ನೋದು ನೆಲದ ಮೇಲೆ ಕೂತೋರ ಮಾತು.”

ಟೀಚರಮ್ಮ ನನಗೆ ಭೂಗೋಳ ಕಲಿಸಿದವರು. ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡು, ಪ್ರತಿ ವರ್ಷ ಏಳನೇ ಕ್ಲಾಸಿನ ಮಕ್ಕಳನ್ನು ಮೂವರಂತೆ ಕೂರಿಸಿಕೊಂಡು ನಮ್ಮ ನದಿಯ ಮೇಲೆ ಒಂದು ಸುತ್ತು ಹಾರಿಸುತ್ತಾರೆ. ಪುಸ್ತಕದಲ್ಲಿ ನೀಲಿ ಗೆರೆಯಾಗಿದ್ದ ನದಿ ಮಣ್ಣಿನ ಬಣ್ಣದ್ದು, ಅದು ದಾರಿ ಬದಲಿಸುತ್ತದೆ, ಬಿಟ್ಟುಬಂದ ದಾರಿಯ ಗುರುತೂ ಹೊಲಗಳಲ್ಲಿ ಉಳಿದಿರುತ್ತದೆ ಎಂದು ನನಗೆ ತಿಳಿದದ್ದು ಆ ಹತ್ತು ನಿಮಿಷಗಳಲ್ಲಿ. ಹನ್ನೊಂದನೇ ನಿಮಿಷದಲ್ಲಿ ಅವರ ಬ್ಯಾಗಿನೊಳಗೆ ವಾಂತಿ ಮಾಡಿಕೊಂಡೆ. ಅದನ್ನವರು ಇಂದಿಗೂ ಮರೆತಿಲ್ಲ.

ಅವರು ನಿವೃತ್ತರಾಗಿ ಆರು ವರ್ಷವಾಯಿತು. ಪೆಟ್ಟಿಗೆಗೆ ಹೇಗೋ ಹೊಂದಿಸಿಕೊಂಡರು. ಕೂರಿಸುವ ಕೂಲಿ ಬೇಡವೆಂದು ಮಾವ ಹೇಳಿದ್ದ. ಹೋದ ವಾರ ಅವನು ಮುಂದಿನ ಫಲಕ ಬಿಚ್ಚಿದಾಗ ಕಂಡದ್ದು ಹತ್ತೊಂಬತ್ತು ಬಿಳಿ ತಂತಿಗಳ ಒಂದು ಕಟ್ಟು. ವಿಮಾನ ತಯಾರಿಸಿದವರ ನಕ್ಷೆಯಲ್ಲಿ ಅವು ಇಲ್ಲ. ಒಂದೊಂದರ ತುದಿಗೂ ಮೇಣ ಹಚ್ಚಿದ ದಾರ ಸುತ್ತಿ ಗಂಟು ಹಾಕಿದೆ: ಕೆಲವಕ್ಕೆ ಒಂದು ಗಂಟು, ಕೆಲವಕ್ಕೆ ಎರಡು, ಕೆಲವಕ್ಕೆ ಗಂಟಿನ ಜೊತೆ ಒಂದು ಕುಣಿಕೆ. ನಕ್ಷೆಯಲ್ಲಿ ಇಲ್ಲದ ತಂತಿ ಇದ್ದರೆ ತಪಾಸಣೆಯವರು ಸಹಿ ಹಾಕುವುದಿಲ್ಲ; ಒಂದೊಂದೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬರೆದು ತೋರಿಸಬೇಕು. ಎಲ್ಲವನ್ನೂ ಕಿತ್ತು ಹೊಸದಾಗಿ ಎಳೆಯಲು ದೊಡ್ಡ ವರ್ಕ್‌ಶಾಪಿನವರು ಕೇಳಿದ್ದು ಪೆಟ್ಟಿಗೆಗಿಂತಲೂ ಹೆಚ್ಚು. ಅಷ್ಟು ಟೀಚರಮ್ಮನ ಬಳಿ ಇಲ್ಲ.

ಶನಿವಾರ ನಾನು ಊಟದ ಡಬ್ಬಿ ಒಯ್ದಾಗ ಮಾವ ಆ ಗಂಟುಗಳನ್ನು ಕಣ್ಣುಮುಚ್ಚಿ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ. ಗುರುತಿಗೆಂದು ತಂತಿಗೆ ತೊಡಿಸುವ, ಹೆಸರು ಅಚ್ಚು ಹಾಕಿದ ಕೊಳವೆಗಳು ಆಗ ದುಬಾರಿ. ದಾರದ ಗುರುತು ಅವನದೇ ಉಪಾಯ. ಆದರೆ ಯಾವ ಗಂಟಿಗೆ ಏನರ್ಥ ಎಂದು ಎಲ್ಲಿಯೂ ಬರೆದಿರಲಿಲ್ಲ. ಹತ್ತೊಂಬತ್ತರಲ್ಲಿ ಹನ್ನೆರಡು ನೆನಪಿಗೆ ಬಂದಿದ್ದವು.

ಇವತ್ತು ಮಧ್ಯಾಹ್ನ ಮತ್ತೆ ಡಬ್ಬಿ ಒಯ್ದೆ. “ಮನೆಯ ಕಾಲಿಂಗ್ ಬೆಲ್ ಸತ್ತು ಮೂರು ತಿಂಗಳಾಯ್ತು. ನಿಮ್ಮ ಮಾವ ಆಕಾಶದಲ್ಲಿ ಗಂಟೆ ಬಾರಿಸೋಕೆ ಹೊರಟಿದಾರೆ, ಹೇಳು ಹೋಗು” ಎಂದು ಅತ್ತೆ ಹೇಳಿ ಕಳಿಸಿದ್ದರು. ಅದನ್ನು ಹೇಳುವ ಸಂದರ್ಭ ಅಲ್ಲಿರಲಿಲ್ಲ. ಟೀಚರಮ್ಮ ಬಂದಿದ್ದರು. ಕನ್ನಡಕ ಮೇಲೇರಿಸಿ ಆ ತಂತಿಯ ಕಟ್ಟನ್ನೇ ನೋಡುತ್ತಿದ್ದರು.

“ಯಾವ ಪುಣ್ಯಾತ್ಮನ ಕೆಲಸ ಇದು? ನಾನು ಕೊಳ್ಳೋದಕ್ಕೂ ಮೊದಲಿಂದಾ?”

ಮಾವ ಏನೂ ಹೇಳದೆ ಇದ್ದಿದ್ದರೆ ಅವರು ನಂಬಿಬಿಡುತ್ತಿದ್ದರು. ವಿಮಾನದ ಹಳೆಯ ರಿಪೇರಿ ಪುಸ್ತಕದಲ್ಲಿ ಈ ತಂತಿ ಎಳೆದ ವರ್ಷದ ಪುಟದಲ್ಲಿರುವುದು “ಕೆಲಸ ಮುಗಿದಿದೆ” ಎಂಬ ಒಂದು ಸಾಲು, ಅದರ ಕೆಳಗೆ ಯಾರಿಗೂ ಓದಲಾಗದ ಸಹಿ. ಮಾವ ಕೈಯಲ್ಲಿದ್ದ ಇಕ್ಕಳವನ್ನು ಅದರ ನೆರಳಿನ ಮೇಲೆ ತೂಗುಹಾಕಿ ಬಂದ.

“ನಂದೇ ಟೀಚರ್. ನೀವು ಕೊಂಡ ವರ್ಷ ನಾನೇ ಹಾಕಿದ್ದು. ತಂತಿ ಒಂದೂ ಕೆಟ್ಟಿಲ್ಲ. ಬರೆದಿಡಲಿಲ್ಲ, ಅದೇ ತಪ್ಪು.”

ಟೀಚರಮ್ಮ ರೆಕ್ಕೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

“ಉತ್ತರ ಸರಿ, ಹಂತ ಬರೆದಿಲ್ಲ” ಎಂದರು ಕೊನೆಗೆ. “ನನ್ನ ಕ್ಲಾಸಲ್ಲಾಗಿದ್ರೆ ಅರ್ಧ ಮಾರ್ಕು.”

“ಅರ್ಧ ಜಾಸ್ತೀನೇ ಆಯ್ತು.”

“ತಮಾಷೆ ಬೇಡಪ್ಪ. ಇಪ್ಪತ್ತನೇ ತಾರೀಖಿಗೆ ತಪಾಸಣೆಯವರು ಬರ್ತಾರೆ. ಅಷ್ಟರಲ್ಲಿ ಈ ತಂತಿಗಳ ನಕ್ಷೆ ಕೈಗೆ ಬಂದ್ರೆ ಸರಿ. ಇಲ್ದಿದ್ರೆ ಬಿಡಿಭಾಗದವರಿಗೆ ಫೋನ್ ಮಾಡ್ತೀನಿ. ಎಂಜಿನ್ ಒಬ್ರಿಗೆ, ರೆಕ್ಕೆ ಒಬ್ರಿಗೆ.” ಬಾಗಿಲ ಬಳಿ ನಿಂತು ನನ್ನತ್ತ ತಿರುಗಿದರು. “ಮಗಳು ಯಾವ ಕ್ಲಾಸು? ಏಳಕ್ಕೆ ಇನ್ನೂ ಆರು ವರ್ಷ ಇದೆಯೇನೋ. ಅವಳಿಗೆ ಬ್ಯಾಗು ನೀನೇ ತರಬೇಕು.”

ಅವರು ಹೋದ ಮೇಲೆ ಮಾವ ಡಬ್ಬಿ ತೆರೆದ, ಮುಚ್ಚಿದ. ಸುಮ್ಮನಿದ್ದುಬಿಡಬಹುದಿತ್ತಲ್ಲ ಎಂದು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಸುಮ್ಮನಿದ್ದಿದ್ದರೆ ಮುಂದೊಂದು ದಿನ ನನ್ನ ಮಗಳನ್ನು ಆ ವಿಮಾನದಲ್ಲಿ ಕೂರಿಸಲು ಅವನ ಮೇಲೆ ನನಗೆ ಯಾವ ನಂಬಿಕೆ ಇರುತ್ತಿತ್ತು?

“ಊಟ ಮಾಡು ಮಾವ. ಏಳು ತಂತಿ ತಾನೆ?”

“ಹತ್ತೊಂಬತ್ತೂ ಮತ್ತೆ ಹುಡುಕಬೇಕು. ನೆನಪಿದೆ ಅಂದ್ಕೊಂಡಿರೋ ಹನ್ನೆರಡೂ ಸೇರಿ.” ಎರಡು ಕಡ್ಡಿಗಳ ಮೀಟರನ್ನು ಎತ್ತಿ ತೋರಿಸಿದ. “ತಂತಿಯ ಈ ತುದಿಗೆ ಒಂದು ಕಡ್ಡಿ, ಆ ತುದಿಗೆ ಇನ್ನೊಂದು. ಎರಡೂ ಒಂದೇ ತಂತಿ ಆದ್ರೆ ಕುಂಯ್ ಅನ್ನತ್ತೆ. ಒಂದು ತುದಿ ಇಲ್ಲಿ, ಇನ್ನೊಂದು ಬಾಲದಲ್ಲಿ. ನಂಗೊಬ್ಬನಿಗೆ ಆಗಲ್ಲ.”

“ಬಾಲದೊಳಗೆ ನಾನು ಹಿಡಿಸ್ತೀನಾ?”

“ನೀನು ಹಿಡಿಸ್ತೀಯ. ನಿಮ್ಮತ್ತೆ ಆಗಿದ್ರೆ ವಿಮಾನಾನೇ ಬಿಚ್ಚಬೇಕಿತ್ತು.” ನಗಲು ನೋಡಿದ, ಅರ್ಧಕ್ಕೇ ನಿಂತಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಕಡೆ ನೋಡದೆಯೇ ಹೇಳಿದ: “ನೀನು ದಿನಾ ಏನೋ ಬರೀತೀಯಲ್ಲ, ದಿನಚರಿ ಅಂತ. ನಾಳೆ ಪುಟ್ಟೀನ ಸ್ಕೂಲಿಗೆ ಬಿಟ್ಟು ಬಂದು ಈ ನಕ್ಷೇನೂ ಬರ್ಕೊಡ್ತೀಯಾ? ನಾನೇ ಬರೆದ್ರೆ ಗೊತ್ತಿಲ್ಲದ ಕಡೇನೂ ಏನಾದ್ರೂ ಒಂದು ತುಂಬಿಸಿಬಿಡ್ತೀನಿ, ನನ್ನ ಬುದ್ಧಿ ನಂಗೊತ್ತು. ಮೀಟರ್ ಕುಂಯ್ ಅಂದ್ರೆ ಮಾತ್ರ ಬರಿ. ಅನ್ನಲಿಲ್ವಾ, ನಾನು ಎಷ್ಟೇ ಜಬರ್ದಸ್ತಾಗಿ ಹೇಳಿದ್ರೂ ‘ಗೊತ್ತಿಲ್ಲ’ ಅಂತಲೇ ಬರಿ. ಪೆನ್ಸಿಲ್ ಬೇಡ. ಪೆನ್ನು ತಗೊಂಡು ಬಾ.”