ಎಡ್ನಾ ಹೆಪಲಳ ಪತ್ತೆಪೆಟ್ಟಿಗೆ

ಎಡ್ನಾ ಹೆಪಲ್ ಡರ್ಹಮ್ ಸೀಮೆಯ ಕಲ್ಲಿದ್ದಲ ಊರಿನವಳು. ಗಣಿಯ ಕ್ಯಾಂಟೀನಿನಲ್ಲಿ ಅರ್ಧ ಆಯುಸ್ಸು ಚಹಾ ಸುರಿದಳು. ಗಣಿ ಮುಚ್ಚಿದ ಮೇಲೆ ಮೊಲ ಹಿಡಿಯುವುದೇ ಕಸುಬಾಯಿತು. ಬಾಯಿ ಜೋರು, ಕೈ ಸ್ವಚ್ಛ, ಸಿಟ್ಟು ಮೂಗಿನ ತುದಿಯಲ್ಲಿ. ಗಂಡ ಬದುಕಿದ್ದಾಗ ಅವನೂ ಅವಳಿಗೆ ಎದುರಾಡುತ್ತಿರಲಿಲ್ಲ.

ಅವಳ ಕೆಲಸ ಸುಲಭದ್ದಲ್ಲ. ಮುಂಗುಸಿಗಿಂತ ಸಣಕಲು ಪ್ರಾಣಿ ಫೆರೆಟ್. ಅದನ್ನು ಬಿಲದೊಳಗೆ ಬಿಟ್ಟರೆ ಮೊಲ ದಿಕ್ಕೆಟ್ಟು ಹೊರಗೆ ಹಾರಿ ಬಲೆಗೆ ಬೀಳುತ್ತದೆ. ಒಮ್ಮೊಮ್ಮೆ ಫೆರೆಟ್ ಒಳಗೇ ಮೊಲವನ್ನು ಕೊಂದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಅದರ ಕೊರಳಪಟ್ಟಿಗೆ ಪುಟ್ಟದೊಂದು ಯಂತ್ರ, ಎಡ್ನಾಳ ಕೈಯಲ್ಲಿ ಪತ್ತೆಪೆಟ್ಟಿಗೆ. ಫೆರೆಟ್ ಇರುವ ಕಡೆ ಹಿಡಿದರೆ ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತದೆ. ಅಲ್ಲಿ ಅಗೆದು ತೆಗೆಯಬೇಕು. ಬಿಟ್ಟು ಮನೆಗೆ ಹೋಗುವ ಮಾತೇ ಇಲ್ಲ. ಹೆಂಡತಿಯನ್ನು ಬಿಟ್ಟು ಹೋದವನನ್ನಾದರೂ ಆ ಊರು ಕ್ಷಮಿಸೀತು, ಫೆರೆಟ್ಟನ್ನು ನೆಲದೊಳಗೆ ಬಿಟ್ಟವನನ್ನು ಕ್ಷಮಿಸದು.

ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಊರ ತರಕಾರಿ ತೋಟಗಳಿಗೆ ಮೊಲಗಳ ಕಾಟ ಹತ್ತಿ, ಎಡ್ನಾಳನ್ನು ಕರೆಸಿದ್ದರು. ಅವಳ ಫೆರೆಟ್ ಟಿಬ್ಬಿ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಪೆಟ್ಟಿಗೆ ಹಿಡಿದು ಹುಡುಕಿದರೆ ಟಿಕ್ ಟಿಕ್ ಅಂದದ್ದು ಸೆಪ್ ಜಾಬ್ಲಿಂಗನ ಲೀಕ್ ಪಾತಿಯ ನಟ್ಟನಡುವೆ. ಲೀಕ್ ಅಂದರೆ ಈರುಳ್ಳಿಯ ದಾಯಾದಿ. ಆ ಊರಿನ ಗಂಡಸರು ಅದನ್ನು ತೋಳಿನ ಗಾತ್ರ ಬೆಳೆಸಿ, ಕ್ಲಬ್ಬಿನ ಪ್ರದರ್ಶನದಲ್ಲಿಟ್ಟು, ಬಹುಮಾನದ ಕಪ್ಪು ಗೆದ್ದು ವರ್ಷವಿಡೀ ಮೀಸೆ ತಿರುವುತ್ತಾರೆ.

ಸೆಪ್ ಸಲಿಕೆ ಹಿಡಿದು ಬೇಲಿಯ ಬಾಗಿಲಿಗೆ ಅಡ್ಡ ನಿಂತ.

"ಒಂದ್ ಹೆಜ್ಜೆ ಒಳಗಿಟ್ರೆ ನೋಡು. ಶನಿವಾರ ಪ್ರದರ್ಶನ. ಆಮೇಲೆ ಬಂದು ಅಗ್ಕೋ."

"ಶನಿವಾರದ ತನಕ ಅದು ಬದುಕಿರುತ್ತೇನೋ? ಜೀವ ಕಣೋ ಸೆಪ್, ಒಳಗೆ ಜೀವ ಇದೆ! ಎರಡೇ ಎರಡು ಗಿಡ ಕೀಳ್ತೀನಿ, ಕೈ ಮುಗೀತೀನಿ."

"ಅಯ್ಯೋ, ಹೋಗೇ! ಒಂದು ಫೆರೆಟ್ ಹೋದ್ರೆ ಇನ್ನೊಂದು."

ಹುಟ್ಟಿದ ಲಾಗಾಯ್ತು ಯಾರಿಗೂ ಕೈ ಮುಗಿಯದವಳು ಅವನಿಗೆ ಮುಗಿದಿದ್ದಳು. ದಿನಾ ಬೇಲಿಯ ಹೊರಗೆ ನಿಂತು ಪೆಟ್ಟಿಗೆ ಹಿಡಿದಳು. ದಿನಾ ಟಿಕ್ ಟಿಕ್. ಪಾಪಿ ಯಂತ್ರಕ್ಕೆ ಬದುಕು ಸಾವಿನ ಗೊಡವೆ ಎಲ್ಲಿಯದು? ಕೊರಳಪಟ್ಟಿ ಇರುವ ತನಕ ಅದು ಹೇಳುತ್ತಲೇ ಇರುತ್ತದೆ. ಶನಿವಾರ ಸೆಪ್ ಕಪ್ಪು ಗೆದ್ದ. ಭಾನುವಾರ ಎಡ್ನಾ ಅಗೆದಳು. ಸತ್ತ ಮೊಲದ ಹಿಂದೆ, ಉಗುರು ಸವೆಯುವ ತನಕ ಮಣ್ಣು ಕೆರೆದು ಟಿಬ್ಬಿ ಸತ್ತುಹೋಗಿತ್ತು. ಎಡ್ನಾ ಅಳಲಿಲ್ಲ. ಇವನ ಮಾನವನ್ನು ಹೀಗೇ ಮಣ್ಣಿಗಿಡದಿದ್ದರೆ ನಾನು ಹೆಪಲ್ ಮನೆಯವಳಲ್ಲ ಅಂದುಕೊಂಡಳು.

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಮ್ಮನೆಯೇ? ಈ ವರ್ಷವೂ ಪ್ರದರ್ಶನದ ವಾರ ಮೊಲಗಳು ಸೆಪ್‌ನ ಲೀಕಿಗೇ ಬಾಯಿ ಹಾಕಿದವು. ಎಡ್ನಾಳನ್ನು ಕರೆಯಲು ಅವನಿಗೆ ಮುಖವಿಲ್ಲ. ತನ್ನ ಫೆರೆಟ್ ಡಚೆಸ್‌ಗೆ ಕೊರಳಪಟ್ಟಿ ಕಟ್ಟಿ ತಾನೇ ಬಿಲಕ್ಕೆ ಬಿಟ್ಟ. ಅದು ಹೊರಗೆ ಬರಲಿಲ್ಲ. ಗಾಬರಿಯಲ್ಲಿ ಅವನ ಪತ್ತೆಪೆಟ್ಟಿಗೆ ನೀರಿನ ಪೀಪಾಯಿಗೆ ಬಿದ್ದು ಸತ್ತಿತು. ಟೋಪಿ ಕೈಯಲ್ಲಿ ಹಿಡಿದು ಎಡ್ನಾಳ ಬಾಗಿಲಿಗೆ ಬಂದ.

"ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡ ಎಡ್ನಾ."

"ನಡಿ," ಅಂದಳು ಅವಳು.

ಪೆಟ್ಟಿಗೆಗೊಂದು ತಿರುಗಿಸುವ ಗುಂಡಿಯಿದೆ. ಸಣ್ಣದು ಮಾಡಿದರೆ ಫೆರೆಟ್ಟಿನ ನೆತ್ತಿಯ ಮೇಲೆ ಮಾತ್ರ ನುಡಿಯುತ್ತದೆ, ದೊಡ್ಡದು ಮಾಡಿದರೆ ಸುತ್ತಮುತ್ತ ಎಲ್ಲಿ ಹಿಡಿದರೂ ನುಡಿಯುತ್ತದೆ. ಬರುವಾಗಲೇ, ಬೇಲಿಯ ಹೊರಗಿನ ಕಾಲುದಾರಿಯಲ್ಲಿ, ಗುಂಡಿ ಸಣ್ಣದಾಗಿದ್ದಾಗಲೇ ಟಿಕ್ ಎಂದದ್ದು ಎಡ್ನಾಳಿಗೆ ಕೇಳಿತ್ತು. ಮುಂದೆ ಓಡುತ್ತಿದ್ದ ಸೆಪ್‌ಗೆ ಕೇಳಲಿಲ್ಲ. ಅವಳು ಗುಂಡಿಯನ್ನು ಅಂಗೈಯೊಳಗೆ ಮುಚ್ಚಿ ಪೂರ್ತಿ ತಿರುಗಿಸಿದಳು. ಪಾತಿಯಲ್ಲಿ ಎಲ್ಲಕ್ಕಿಂತ ದಪ್ಪ ಲೀಕಿನ ಬುಡಕ್ಕೆ ಪೆಟ್ಟಿಗೆ ಹಿಡಿದಳು. ಟಿಕ್ ಟಿಕ್ ಟಿಕ್.

"ಇಲ್ಲೇ. ಮೊಣಕೈ ಆಳ ಅಷ್ಟೇ. ಅಗಿ."

ಸೆಪ್ ಸಲಿಕೆ ಎತ್ತಿದ. ಅಗೆದರೆ ಕಪ್ಪು ಹೋಯಿತು, ಬಿಟ್ಟರೆ ಡಚೆಸ್ ಹೋಯಿತು. ಅವನ ಹಣೆಯ ಬೆವರು ನೋಡಿ ಎಡ್ನಾಳ ಹೊಟ್ಟೆ ತಣ್ಣಗಾಯಿತು. ಒಂದು ವರ್ಷದಿಂದ ಕಾದ ಹೊಟ್ಟೆ ಅದು. ಅವನು ಸಲಿಕೆಯನ್ನು ನೆಲಕ್ಕೂರಿದ.

"ಶನಿವಾರ ಆಗ್ಲಿ," ಅಂದ. "ಗಟ್ಟಿ ಪ್ರಾಣಿ ಅದು. ತಡ್ಕೊಳ್ಳುತ್ತೆ."

ಥೂ ನಿನ್ನ! ಅನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಎಡ್ನಾ ಹೊರಟಳು. ಅವನು ಚಹಾಕ್ಕೆಂದು ಮನೆಗೆ ಹೋದ ಕೂಡಲೇ ಕಾಲುದಾರಿಯನ್ನು ಅಗೆದಳು. ಡಚೆಸ್ ಅವಳ ಹೆಬ್ಬೆರಳನ್ನು ಕಚ್ಚಿಯೇ ಹೊರಗೆ ಬಂತು. ಎಡ್ನಾ ಬೈಯುತ್ತಲೇ ಅದಕ್ಕೆ ಹಾಲು ಕುಡಿಸಿ, ಕುಳಿ ಮುಚ್ಚಿ ಮನೆಗೆ ಒಯ್ದಳು.

ಶನಿವಾರ ಕ್ಲಬ್ಬಿನಲ್ಲಿ ಕಪ್ಪು ಮತ್ತೆ ಸೆಪ್‌ನದೇ. ಊರಿಗೆ ಊರೇ ಅಲ್ಲಿತ್ತು. ಅಷ್ಟು ಜನರೆದುರು ಎಡ್ನಾ ಕೇಳಿದಳು:

"ಸೆಪ್, ನಿನ್ ಡಚೆಸ್ ಹೇಗಿದೆ?"

"ಅದಕ್ಕೇನು? ಅವತ್ತೇ ಹೊರಗೆ ಬಂತು. ಗೂಡಲ್ಲಿ ಮಲ್ಗಿದೆ."

ಎಡ್ನಾ ಕೋಟಿನ ಗುಂಡಿ ಬಿಚ್ಚಿದಳು. ಡಚೆಸ್ ತಲೆ ಹೊರಗೆ ಹಾಕಿ ಆಕಳಿಸಿತು. ಕಣ್ಣಿನ ಸುತ್ತ ಕರಿ ಕಲೆಯಿದ್ದ ಆ ಮೂತಿ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಕ್ಲಬ್ಬಿನ ಯಜಮಾನ ಬಿಯರ್ ಸುರಿಯುವುದನ್ನು ನಿಲ್ಲಿಸಿ ಸೆಪ್‌ನ ಮುಖ ನೋಡಿದ.

"ನೆಲದೊಳಗೇ ಬಿಟ್ಟು ಬಂದ್ಯೇನೋ?" ಅಂದ.

ಸೆಪ್ ಕೆಂಪಗಾದ. "ಅವಳು... ಅವಳು ಲೀಕ್ ಕೆಳಗಿದೆ ಅಂದ್ಲು! ಎಲ್ಲಿತ್ತೇ ಅದು?"

"ಕಾಲುದಾರಿ ಕೆಳಗೆ."

"ಹಂಗಾದ್ರೆ ಸುಳ್ಳು ಹೇಳಿದ್ಯಲ್ಲೇ, ಹಾಳಾದವ್ಳೇ!"

"ಹೂಂ, ಹೇಳ್ದೆ," ಅಂದಳು ಎಡ್ನಾ, ಡಚೆಸ್‌ನ ತಲೆ ಸವರುತ್ತಾ. "ನೀನು ಅಗ್ದಿದ್ರೆ ಗೊತ್ತಾಗ್ತಿತ್ತು."