ಬೆಳ್ಳಿಯಪ್ಪನ ಗಾಳಿಮದ್ದು

ನಮ್ಮ ಚಿಕ್ಕಪ್ಪ ಬೆಳ್ಳಿಯಪ್ಪನಿಗೆ ಅರವತ್ತೆರಡು. ತುಡಿಯಲೂರಿನಲ್ಲಿ ಮೂವತ್ತೈದು ವರ್ಷದಿಂದ ಸ್ಕೂಟರ್ ರಿಪೇರಿ ಮಾಡುತ್ತಾನೆ. ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಈಗ ಅವನು ಕೂತರೆ ಏಳಲಾರ, ಎದ್ದರೆ ಕೂರಲಾರ. ಆದರೆ ಬುದ್ಧಿ ಹೇಳುವುದಕ್ಕೆ ಮೊಣಕಾಲು ಬೇಕಿಲ್ಲವಲ್ಲ. ಬಂದವರಿಗೆಲ್ಲ ಒಂದೊಂದು ಸಲಹೆ ಪುಕ್ಕಟೆ.

ಕಳೆದ ತಿಂಗಳು ನಾಚಿಯಮ್ಮ ಸ್ಕೂಟರ್ ತಳ್ಳಿಕೊಂಡು ಬಂದಳು. ನಮ್ಮ ಹಾಗೆ ಕನ್ನಡ ಮಾತಾಡುವವಳೇ, ಮನೆ ಎರಡು ಬೀದಿ ಆಚೆ. ಗಂಡ ಸುಬ್ಬಯ್ಯನ್ ಹಿತ್ತಲ ಶೆಡ್ಡಿನಲ್ಲಿ ನಾಲ್ಕು ಮಗ್ಗ ಓಡಿಸುತ್ತಾನೆ. ಎರಡು ವರ್ಷದಿಂದ ಆ ಸ್ಕೂಟರಿಗೆ ಒಂದೇ ರೋಗ: ಸ್ವಲ್ಪ ಏರು ಸಿಕ್ಕರೆ ಕಾದು ನಿಂತುಬಿಡುತ್ತದೆ, ಅರ್ಧ ಗಂಟೆ ತಣಿದರೆ ಮತ್ತೆ ಓಡುತ್ತದೆ.

"ಅಣ್ಣಾ, ಇದೇ ಕಡೇ ಸಲ. ಆಗಲ್ಲ ಅಂದ್ರೆ ಈ ವಂಡಿನ ಗುಜರಿಗೆ ಹಾಕ್ಬುಡ್ತೀನಿ. ಎಲ್ಲಾ ನಮ್ಮನೆಯವ್ರು ನೂಲಿನ ಮೂಟೆ ಹೇರಿ ಹೇರಿ ಕೆಡ್ಸಿದ್ದು. ಎರಡು ವರ್ಷ ಆಯ್ತು, ಕೀ ಅವ್ರ ಕೈಗೇ ಕೊಡ್ತಿಲ್ಲ."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಪಾಪ, ಸುಬ್ಬಯ್ಯನ್ ಸೂಲೂರಿನಿಂದ ನೂಲಿನ ಚೀಲ ಹೊತ್ತು ಬಸ್ಸಿನಿಂದ ಇಳಿಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ.

ಹಿಂದೆ ಎರಡು ಸಲ ಚಿಕ್ಕಪ್ಪ ಪ್ಲಗ್ಗು, ಆಯಿಲ್ಲು ಬದಲಾಯಿಸಿ ಕಳಿಸಿದ್ದ. ಈ ಸಲ ನಿಟ್ಟುಸಿರು ಬಿಟ್ಟು ಎಂಜಿನ್ನಿನ ಹೊದಿಕೆಯನ್ನೇ ಬಿಚ್ಚಿದ. ಇಂಥ ಸ್ಕೂಟರಿಗೆ ನೀರಿನ ತಂಪಿಲ್ಲ. ಫ್ಯಾನಿನ ಗಾಳಿ ಸಿಲಿಂಡರಿನ ಸುತ್ತಲ ಲೋಹದ ರೆಕ್ಕೆಗಳ ಸಂದಿಯಲ್ಲಿ ನುಗ್ಗಿ ಬಿಸಿಯನ್ನು ಒಯ್ಯಬೇಕು. ಸಂದಿ ಎಲ್ಲಿದೆ? ಹತ್ತಿಯ ಧೂಳು, ನಮ್ಮ ಕಡೆ ಮಾತಿನಲ್ಲಿ ಪಂಜು, ಆಯಿಲ್ ಕುಡಿದು ಕಂಬಳಿಯ ಹಾಗೆ ಒತ್ತಿ ಕೂತಿತ್ತು.

"ಇಷ್ಟು ಪಂಜು ಒಳಗೆ ಹೆಂಗ್ ಹೋಯ್ತು ತಂಗಚ್ಚಿ?"

"ಮೂರು ವರ್ಷದ ಹಿಂದೆ ನೀವು ಹೇಳಿದ್ದೇ ಅಲ್ವಾ ಅಣ್ಣಾ? ಮಗ್ಗಕ್ಕೆ ಗಾಳಿ ಹೊಡೆಯೋವಾಗ ವಂಡಿ ಫ್ಯಾನಿಗೂ ಹೊಡಿ, ಎಂಜಿನ್ ತಣ್ಣಗಿರುತ್ತೆ ಅಂತ. ಒಂದು ದಿನ ತಪ್ಸಿಲ್ಲ."

ಮಗ್ಗದವರು ಪಂಜು ಕಂಡಲ್ಲೆಲ್ಲ ಕಂಪ್ರೆಸರ್ ಪೈಪು ಹಿಡಿಯುತ್ತಾರೆ. ಮಗ್ಗದ ಪಂಜು ಹಾರಿಹೋಗುತ್ತದೆ. ಮುಚ್ಚಿದ ಎಂಜಿನ್ನಿಗೆ ಹೊರಗಿನಿಂದ ಹೊಡೆದರೆ ಪಂಜು ಒಳಗೊಳಗೇ ಜಡಿದುಕೊಳ್ಳುತ್ತದೆ. ಚಿಕ್ಕಪ್ಪನ ಮುಖ ನೋಡಿ ನನಗೆ ಸಂಕಟವಾಯಿತು. ಗಾಡಿಗೆ ವಯಸ್ಸಾಯಿತು ಎಂದರೆ ಮುಗಿದೇ ಹೋಗುತ್ತಿತ್ತು. ಹಾಗೇ ಹೇಳಲಿ ಎಂದು ನಾನೂ ಬಯಸಿದೆ, ಸುಳ್ಳೇಕೆ.

"ನಿನ್ ಗಂಡ ಕೆಡ್ಸಿಲ್ಲ ತಂಗಚ್ಚಿ. ಕೆಡ್ಸಿದ್ದು ನಾನು," ಅಂದ.

ಅವನು ಕಡ್ಡಿಯಿಂದ ಸಂದಿ ಸಂದಿ ಕೆರೆದ, ಸೀಮೆಎಣ್ಣೆಯಲ್ಲಿ ತೊಳೆದ, ಆಯಿಲ್ ಜಿನುಗುತ್ತಿದ್ದ ಸೀಲು ಬದಲಾಯಿಸಿದ. ಹೊದಿಕೆ ಕೂರಿಸಿ, ಮೇಲ್ಸೇತುವೆಯನ್ನು ಮೂರು ಸಲ ಹತ್ತಿಳಿದು ಬಂದ. ಗಾಡಿ ಎಲ್ಲೂ ನಿಲ್ಲಲಿಲ್ಲ.

"ಇದನ್ನ ಅವ್ರ ಹತ್ರ ನೀವೇ ಬಂದು ಹೇಳಿ ಅಣ್ಣಾ," ಅಂದಳು ನಾಚಿಯಮ್ಮ. "ನಂಗೆ ಬಾಯಿ ಬರಲ್ಲ."

ಮೊಣಕಾಲು ಹಿಡಿದುಕೊಂಡು ಚಿಕ್ಕಪ್ಪ ಅವಳ ಹಿಂದೆ ಕೂತ. ನಾನು ನಡೆದು ಹೋದೆ. ಸುಬ್ಬಯ್ಯನ್ ಮಗ್ಗ ನಿಲ್ಲಿಸಿ ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ. ಹೆಂಡತಿಯ ಮುಂದೆ ಕೈ ಚಾಚಿದ. ಅವಳು ತಲೆ ತಗ್ಗಿಸಿ ಕೀ ಕೊಟ್ಟಳು.

"ವಂಡಿ ಮೇಲೆ ಕೂತ್ಕೊಳ್ಳಿ ಅಣ್ಣಾ," ಅಂದ ಚಿಕ್ಕಪ್ಪನಿಗೆ. "ಕಾಲು ನೋವು ನಿಮ್ಗೆ. ನಾನು ಬಿಟ್ಟು ಬರ್ತೀನಿ."