ಊಟದ ಹೊತ್ತಿನ ಕ್ಯಾಮೆರಾ

ಮೊನ್ನೆ ಕಪಾಟು ಖಾಲಿ ಮಾಡುವಾಗ ಹಳೆಯ ಬ್ಯಾಗಿನ ತಳದಲ್ಲಿ ಒಂದು ವೆಬ್‌ಕ್ಯಾಮ್ ಸಿಕ್ಕಿತು. ಗೋಲಿಯಷ್ಟು ಕಣ್ಣು, ಹಿಂದೊಂದು ಕ್ಲಿಪ್ಪು, ಸುತ್ತಿಟ್ಟ ವೈರು. ಕ್ಲಿಪ್ಪಿನ ಸಂದಿಯಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದವು. ಮೂಗಿಗೆ ಹಿಡಿದೆ. ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿ ಉಳಿದೀತು... ಆದರೂ ಹತ್ತಿಕಾಳಿನ ಎಣ್ಣೆವಾಸನೆ ಬಂದಂತಾಯಿತು. ಹಿಂದೆಯೇ ಸರ್ ನೆನಪಾದರು. ಬೇಡವೆಂದರೂ ನೆನಪಾದರು.

ಗಜೇಂದ್ರಗಡದಲ್ಲಿ ಅರಿವೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಕಂಪ್ಯೂಟರ್ ಕ್ಲಾಸ್ ಇತ್ತು. ಎರಡು ಸಾವಿರದ ಏಳೆಂಟರ ಮಾತು. ಹುಡುಗಿಯರು ಟ್ಯಾಲಿ ಕಲಿತು ಮದುವೆಯಾಗಿ ಹೋಗುತ್ತಿದ್ದ ಕಾಲ. ಟ್ಯಾಲಿಗೆಂದು ಲಕ್ಕಲಕಟ್ಟಿಯಿಂದ ಬರುತ್ತಿದ್ದ ನನ್ನನ್ನು ಪ್ರೋಗ್ರಾಮಿಂಗ್‌ಗೆ ಎಳೆದವರು ಸರ್. ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಆರುವವರೆಗೆ ಸುಮ್ಮನೆ ಕೂರುತ್ತಿದ್ದರು. ಅಷ್ಟರಲ್ಲಿ ತಪ್ಪು ನನಗೇ ಕಾಣಬೇಕು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ಚಿಗವ್ವ, ನನ್ನ ಬುತ್ತಿಯ ಜೊತೆ ಅವರಿಗೂ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಳು. "ನಿಮ್ಮ ಚಿಗವ್ವನ ಕೈರುಚೀನ ಬ್ಯಾರೆ ಬಿಡು ತಂಗಿ" ಎಂದು ಬೆರಳು ನೆಕ್ಕುತ್ತಿದ್ದರು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ಆ ಮಾತು ಸರ್ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಚಿಗವ್ವ ರೋಣದ ರಸ್ತೆಯಲ್ಲಿದ್ದ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಬೆಲ್ಟಿನ ಮೇಲೆ ಹರಿದು ಬರುವ ಹತ್ತಿಯಿಂದ ಚೀಲದ ದಾರ, ಕೂದಲು, ಬಣ್ಣದ ಚಿಂದಿ ಆರಿಸಿ ತೆಗೆಯುವ ಕೆಲಸ. ಅಲ್ಲಿಯ ಸಾವಕಾರರು ಸರ್ ಅವರಿಂದ ಒಂದು ಪ್ರೋಗ್ರಾಮ್ ಮಾಡಿಸಲು ಹೊರಟರು. ಸರ್ ಅದರಲ್ಲಿ ಅರ್ಧ ನನಗೆ ಬರೆಯಲು ಕೊಟ್ಟರು. ಬೆಲ್ಟಿನ ಪಕ್ಕದ ಕಂಬಕ್ಕೆ ಕ್ಯಾಮೆರಾ. ಹತ್ತಿಯಲ್ಲಿ ಬಣ್ಣದ ಚೂರು ಕಂಡರೆ ಗಂಟೆ ಬಾರಿಸಬೇಕು. ಶೆಡ್ಡಿಗೆ ಅಂಟಿಕೊಂಡ ಸಾವಕಾರರ ಕೋಣೆಯ ಕಂಪ್ಯೂಟರಿನಲ್ಲಿ ಚಿತ್ರ ಕಾಣುತ್ತಿರಬೇಕು.

ಕ್ಯಾಮೆರಾ ಬರುತ್ತದೆಂದು ಕೇಳಿಯೇ ಹೆಂಗಸರಿಗೆ ಕಸಿವಿಸಿ. ಅಲ್ಲೊಂದು ಪದ್ಧತಿಯಿತ್ತು. ಮಧ್ಯಾಹ್ನ ಬೆಲ್ಟು ನಿಂತ ಕೂಡಲೇ ಗಂಡಸರೆಲ್ಲ, ಸಾವಕಾರರೂ ಸೇರಿ, ಶೆಡ್ಡಿನಿಂದ ಹೊರಗೆ ಹೋಗಬೇಕು. ಆಮೇಲೆ ಹೆಂಗಸರು ಧೂಳಿಗೆಂದು ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ, ಸೆರಗು ಜಾರಿದರೆ ಜಾರಲಿ ಎಂದು ಕಾಲು ಚಾಚಿ ಕೂತು ಉಣ್ಣುತ್ತಿದ್ದರು. ಕೂಸಿದ್ದವರು ಹಾಲು ಕುಡಿಸುತ್ತಿದ್ದರು. ಚಿಗವ್ವ ಎಲ್ಲರ ಅಣಕ ಮಾಡಿ ನಗಿಸುತ್ತಿದ್ದಳು. ಇಡೀ ದಿನದಲ್ಲಿ ಅವರದು ಅಂತ ಇದ್ದದ್ದು ಅಷ್ಟೇ ಹೊತ್ತು.

"ಆ ಡಬ್ಬಿ ನಮ್ಮನ್ನ ನೋಡತೈತೇನಬೇ?" ಎಂದು ಚಿಗವ್ವ ಕೇಳಿದಳು. ನಾನು ಸರ್ ಅವರನ್ನು ಕೇಳಿದೆ.

"ಅದು ಹತ್ತಿ ನೋಡತೈತಿ ತಂಗಿ, ಮಂದೀನ್ನಲ್ಲ. ನಾ ಮಾತು ಕೊಟ್ಟೀನಿ ಅಂತ ಹೇಳು."

ಹೇಳಿದೆ. ನನ್ನನ್ನು ನಂಬಿ ಹೆಂಗಸರು ಒಪ್ಪಿಕೊಂಡರು.

ಆದರೆ ಕ್ಲಾಸಿನಲ್ಲಿ ಓಡಿಸಿ ನೋಡಿದರೆ ಪ್ರೋಗ್ರಾಮ್ ಬಾಳಲೊಲ್ಲದು. ಬೆಳಿಗ್ಗೆ ಚಲೋ ಓಡಿ, ಊಟದ ಹೊತ್ತಿಗೆ ತೆವಳಿ, ಕಂಪ್ಯೂಟರಿನ ಸಮೇತ ಸಾಯುತ್ತಿತ್ತು. ತೆರೆಯ ಮೇಲೆ ಮೆಮೊರಿ ತೋರಿಸುವ ಗೆರೆ ಏರುತ್ತಲೇ ಹೋಗುತ್ತಿತ್ತು. ಕ್ಯಾಮೆರಾದಿಂದ ಒಂದೇ ಸಮನೆ ಚಿತ್ರ ಬರುತ್ತದೆ, ಪ್ರತಿಯೊಂದಕ್ಕೂ ಮೆಮೊರಿಯಲ್ಲಿ ಜಾಗ ಬೇಕು, ನೋಡಿ ಮುಗಿದ ಮೇಲೆ ಆ ಜಾಗ ಬಿಟ್ಟುಕೊಡಬೇಕು. ನಮ್ಮಲ್ಲಿ ಎಂಜಲೆಲೆ ಎತ್ತದೆ ಮುಂದಿನ ಪಂಕ್ತಿ ಕೂರಿಸಿದ ಹಾಗಾಗಿತ್ತು. ಬಣ್ಣ ಹುಡುಕಲು ಪ್ರತಿ ಚಿತ್ರದ ಒಂದು ನಕಲು ಮಾಡುತ್ತಿದ್ದೆವು. ಮೂಲದ ಜಾಗವನ್ನು ಸರ್ ಬರೆದ ಭಾಗ ಬಿಟ್ಟುಕೊಡುತ್ತಿತ್ತು, ನಕಲಿನದನ್ನು ಯಾರೂ ಬಿಡುತ್ತಿರಲಿಲ್ಲ. ನಾನು ಎತ್ತುತ್ತೇನೆಂದು ಅವರು, ಅವರು ಎತ್ತುತ್ತಾರೆಂದು ನಾನು! ಇದು ತಿಳಿದದ್ದೇ ತಡ, ಕಂಡಕಂಡಲ್ಲೆಲ್ಲ ಜಾಗ ಬಿಡುವ ಸಾಲು ಬರೆದೆ. ಒಂದೇ ಚಿತ್ರದ ಜಾಗವನ್ನು ಎರಡು ಸಲ ಬಿಟ್ಟಂತಾಗಿ ಪ್ರೋಗ್ರಾಮ್ ಏಳುತ್ತಲೇ ಬಿತ್ತು. ಸರ್ ಬಸಿಯ ಚಹಾ ಊದುತ್ತ ಕೂತರು.

ಕೊನೆಗೆ ಹೊಳೆಯಿತು. ಪ್ರತಿ ಸಲ ಹೊಸ ಜಾಗ ಕೇಳುವುದಾದರೂ ಯಾಕೆ? ಮೊದಲಿಗೇ ಚಿತ್ರಕ್ಕೊಂದು, ನಕಲಿಗೊಂದು ಜಾಗ ಹಿಡಿದಿಟ್ಟು, ಹೊಸದು ಬಂದ ಹಾಗೆ ಹಳೆಯದನ್ನು ಅಳಿಸಿ ಅಲ್ಲೇ ಬರೆಯುತ್ತ ಹೋದರಾಯಿತು. ಹಾಗೇ ಮಾಡಿದೆ. ಸಂಜೆಯವರೆಗೂ ಗೆರೆ ಅಲುಗಲಿಲ್ಲ.

"ಶಾಬಾಸ್ ತಂಗಿ!" ಅಂದರು ಸರ್. ಆಮೇಲೆ ಏನೋ ನೆನಪಾದವರಂತೆ, "ಗಂಟಿಗೆ ಒಂದ ಬ್ಯಾರೆ ಬಟನ್ ಇಡು. ಊಟದ ಹೊತ್ತಿನ್ಯಾಗ ಗಂಟಿ ಬಂದ್ ಇರ್ಲಿ. ಚಿತ್ರ ಮಾತ್ರ ನಿಂದ್ರಬಾರದು" ಅಂದರು.

ಬೆಲ್ಟೇ ನಿಂತಿರುವಾಗ ಕ್ಯಾಮೆರಾ ಏನನ್ನು ನೋಡಬೇಕು? ನಾನು ಕೇಳಲಿಲ್ಲ. ಸರ್ ಹೇಳಿದ ಮೇಲೆ ಕೇಳುವುದೇನು ಎಂಬಂಥ ನಂಬಿಕೆ. ಅವರೇ ಹೋಗಿ ಕ್ಯಾಮೆರಾ ಕೂರಿಸಿ ಬಂದರು. ನನ್ನನ್ನು ಕರೆಯಲಿಲ್ಲ.

ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಸಾವಕಾರರು ಶೆಡ್ಡಿಗೆ ಬಂದು, ಗಂಡಸರನ್ನೆಲ್ಲ ಕರೆದು ನಿಲ್ಲಿಸಿ, ಚಿಗವ್ವನಿಗೆ ಹೇಳಿದರಂತೆ: "ನಿನ್ನೆ ಊಟದ ಹೊತ್ತಿನ್ಯಾಗ ನನ್ನ ನಡಿಗಿ ಭಾಳ ಚಲೋ ಮಾಡಿದಿ. ಇವರ ಮುಂದನೂ ಒಮ್ಮೆ ಮಾಡು, ನೋಡೂಣು."

ಹೆಂಗಸರೆಲ್ಲ ಒಮ್ಮೆಗೇ ಕಂಬದತ್ತ ನೋಡಿದರಂತೆ. ಕ್ಯಾಮೆರಾ ಬೆಲ್ಟಿನ ಕಡೆ ಬಾಗಿರಲಿಲ್ಲ. ಅವರು ಕೂತು ಉಣ್ಣುವ ಜಾಗದ ಕಡೆ ತಿರುಗಿತ್ತು. ನನ್ನ ಮಾತು ನಂಬಿ ಅಲ್ಲಿಯವರೆಗೆ ಯಾರೂ ತಲೆ ಎತ್ತಿ ನೋಡಿರಲಿಲ್ಲ. ಕೂಸಿನ ತಾಯಿಯೊಬ್ಬಳು ಸೆರಗನ್ನು ಎದೆಗೆ ಬಿಗಿದುಕೊಂಡಳಂತೆ. ಚಿಗವ್ವ ಹತ್ತಿಯ ಮೂಟೆ ಹತ್ತಿ, ಕ್ಯಾಮೆರಾ ಕಿತ್ತುಕೊಂಡು ಇಳಿದು, ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ, ಸಾವಕಾರರ ಅದೇ ನಡಿಗೆಯಲ್ಲಿ ಗೇಟು ದಾಟಿ ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ.

ಅಲ್ಲಿ ಅಷ್ಟು ಗಟ್ಟಿಗಿತ್ತಿಯಾಗಿದ್ದವಳು ಮನೆಗೆ ಬಂದು ನನ್ನ ಮುಂದೆ ಕ್ಯಾಮೆರಾ ಇಟ್ಟು ಅತ್ತಳು. "ನೀ ಹೇಳಿದ್ದಿ ಅಂತ ಸೆರಗ ಬಿಟ್ಟು ಕುಂತಿದ್ನೆವ್ವಾ" ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಕ್ಲಾಸಿಗೆ ಓಡಿದೆ. "ನಿಮಗ ಮೊದ್ಲ ಗೊತ್ತಿತ್ತೇನ್ರಿ ಸರ್?"

ಅವರು ಬಸಿ ಕೆಳಗಿಡಲಿಲ್ಲ. "ಸಾವಕಾರ್ರು ಕೇಳಿದ್ದ ಅದನ್ನ. ಅವರ ಜಾಗಾ, ಅವರ ಕ್ಯಾಮೆರಾ, ಎತ್ತಾಗರ ನೋಡ್ಲಿ. ಓಡಸೂದಷ್ಟ ನಮ್ಮ ಕೆಲಸ ತಂಗಿ."

"ತಂಗಿ ಅನಬ್ಯಾಡ್ರಿ" ಅಂದೆ. ಅದೇ ಕೊನೆಯ ಮಾತು. ಚಹಾ ಆರುವವರೆಗೆ ನಾನು ಕಾಯಲಿಲ್ಲ.

ಸರ್ ಆಮೇಲೆ ಹುಬ್ಬಳ್ಳಿ ಸೇರಿದರು, ಅಲ್ಲೇ ತೀರಿಕೊಂಡರು. ಸುದ್ದಿ ಕೇಳಿ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಅತ್ತೆನಲ್ಲ ಎಂದು ಮತ್ತೆ ಸಿಟ್ಟು ಬಂತು. ಈಗ ನರೇಗಲ್ಲಿನಲ್ಲಿ ನಾನೇ ಕಂಪ್ಯೂಟರ್ ಕಲಿಸುತ್ತೇನೆ. ಮಕ್ಕಳು ತಪ್ಪು ಮಾಡಿದರೆ ಬೈಯದೆ ಕಾಯುತ್ತೇನೆ. ಅದೂ ಅವರದೇ ವಿದ್ಯೆ. ಕೆಟ್ಟದ್ದನ್ನಷ್ಟೇ ಕೊಟ್ಟು ಹೋಗಿದ್ದರೆ ಮರೆಯುವುದು ಸುಲಭವಾಗುತ್ತಿತ್ತು...

ಚಿಗವ್ವ ಹೋದ ವರ್ಷ ಹೋದಳು. ಗೋಡೆಗೆ ಹಾಕಲು ಅವಳದೊಂದು ಫೋಟೋ ಬೇಕಿತ್ತು. ಕಪಾಟು ಖಾಲಿ ಮಾಡಿದ್ದೇ ಅದಕ್ಕೆ. ಅಂದಿನಿಂದ ಕ್ಯಾಮೆರಾ ಕಂಡರೆ ಸಾಕು, ಅವಳು ಮುಖದ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ನನ್ನ ಮದುವೆಯ ಫೋಟೋಗಳಲ್ಲೂ ಅವಳಿದ್ದಲ್ಲೆಲ್ಲ ಬರೀ ಸೆರಗು.

ಸೆರಗಿಲ್ಲದೆ, ಬಾಯ್ತುಂಬ ನಗುವ ಅವಳ ಮುಖವನ್ನು ದಿನಾ ಮಧ್ಯಾಹ್ನ ಕಂಡ ಕ್ಯಾಮೆರಾ ಇದೊಂದೇ. ಕಂಪ್ಯೂಟರಿಗೆ ಸಿಕ್ಕಿಸಿದೆ. ದೀಪ ಹತ್ತಿತು. ತೆರೆಯ ಮೇಲೆ ನನ್ನ ಮುಖ ಬಂತು. ಅವಳದು ಎಲ್ಲಿಯೂ ಉಳಿದಿಲ್ಲವೆಂದು ನನಗೆ ಗೊತ್ತು. ಹೊಸದು ಬಂದ ಹಾಗೆ ಹಳೆಯದನ್ನು ಅಳಿಸುತ್ತ ಹೋಗು ಎಂದು ಬರೆದವಳು ನಾನೇ. ಸರ್ ಶಾಬಾಸ್ ಅಂದಿದ್ದರು.